ಮಳೆಗಾಲದ ಅಡುಗೆಗೆ ಬೇಸಿಗೆಯ ತರಕಾರಿ: ತೂಗುಹಾಕಿ, ಒಣಗಿಸಿ, ಉಪ್ಪಿಗೆ ಹಾಕಿ ಉಳಿಸುವ ಬಗೆ

ನಮ್ಮ ಕಡೆ ಚಳಿಗಾಲದಲ್ಲಿ ತರಕಾರಿಗೆ ಬರ ಇಲ್ಲ. ಬರ ಬರುವುದು ಮಳೆಗಾಲಕ್ಕೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಮಳೆಗೆ ಹಾಕಿದ ಬೆಂಡೆ, ಮುಳ್ಳುಸೌತೆ, ಹೀರೆ ಕೈಗೆ ಸಿಗುವುದು ಚೌತಿ ಹತ್ತಿರ ಬಂದ ಮೇಲೆ. ಅಲ್ಲಿಯವರೆಗೆ ಅಡುಗೆಮನೆ ನಡೆಯಬೇಕಾದರೆ ಬೇಸಿಗೆಯಲ್ಲಿ ಬೆಳೆದದ್ದನ್ನು ಜೋಪಾನ ಮಾಡಿ ಇಟ್ಟಿರಬೇಕು. ಸುಳ್ಯದ ಕಡೆಯ ಈ ತೋಟದ ಮನೆಗೆ ಮದುವೆಯಾಗಿ ಬಂದಾಗಿನಿಂದ ನಾನು ಮಾಡುತ್ತಾ ಬಂದ ಕೆಲಸ ಇದು. ಕಲಿಸಿದವರು ಅತ್ತೆ. ಈಗ ಬೆಂಗಳೂರಿನಲ್ಲಿರುವ ಸೊಸೆ ಫೋನ್ ಮಾಡಿ ಒಂದೊಂದೇ ಕೇಳುತ್ತಾಳೆ. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಫ್ರೀಜರ್ ಇರುವಾಗ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಆಷಾಢದ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿತ್ತು ಅಂದರೆ ನಮ್ಮಲ್ಲಿ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಅಷ್ಟರಲ್ಲಿ ಫ್ರೀಜರಿನಲ್ಲಿ ಇದ್ದದ್ದೆಲ್ಲ ಕರಗಿ ನೀರು. ಅದಕ್ಕಿಂತ ದೊಡ್ಡ ಕಾರಣ ರುಚಿ. ಉಪ್ಪಿನಲ್ಲಿ ಕೂತ ಹಲಸಿನ ಸೊಳೆಗೆ, ಮಜ್ಜಿಗೆ ಕುಡಿದು ಒಣಗಿದ ಹಾಗಲಕ್ಕೆ ಬೇರೆಯದೇ ರುಚಿ ಬರುತ್ತದೆ. ಆ ರುಚಿ ತಾಜಾ ತರಕಾರಿಯಲ್ಲೂ ಸಿಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಒಂದು ಮಾತು ಹೇಳಬೇಕು. ತರಕಾರಿ ಎಷ್ಟು ದಿನ ಉಳಿಯುತ್ತದೆ ಅನ್ನುವುದು ಅರ್ಧಕ್ಕರ್ಧ ಗದ್ದೆಯಲ್ಲೇ ನಿರ್ಧಾರ ಆಗಿರುತ್ತದೆ. ಕೊಯ್ದ ಮೇಲೆ ನಾವು ಮಾಡುವುದು ಉಳಿದರ್ಧ ಮಾತ್ರ.

ಗದ್ದೆಯಲ್ಲಿ

ಭತ್ತ ಕೊಯ್ದು ಖಾಲಿಯಾದ ಗದ್ದೆಯಲ್ಲಿ ಡಿಸೆಂಬರ್ ಕೊನೆ, ಜನವರಿ ಹೊತ್ತಿಗೆ ಸಾಲು ಮಾಡಿ ಬೀಜ ಹಾಕುತ್ತೇವೆ. ಸೌತೆ, ಕುಂಬಳ (ಬೂದುಗುಂಬಳ), ಚೀನಿಕಾಯಿ (ಸಿಹಿಗುಂಬಳ), ಹಾಗಲ, ಬೆಂಡೆ, ಅಲಸಂಡೆ. ಸೌತೆ ಅಂದರೆ ಹಸಿ ತಿನ್ನುವ ಮುಳ್ಳುಸೌತೆ ಅಲ್ಲ. ಅಂಗಡಿಯಲ್ಲಿ ಮಂಗಳೂರು ಸೌತೆ ಅಂತ ಸಿಗುತ್ತದಲ್ಲ, ಹಳದಿ ಮೈಗೆ ಹಸಿರು ಪಟ್ಟೆ ಇರುವ ಸಾಂಬಾರು ಸೌತೆ, ಅದು. ಬುಡಕ್ಕೆ ಸುಡುಮಣ್ಣು, ಬೂದಿ, ಹಳೆಯ ಹಟ್ಟಿಗೊಬ್ಬರ ಸಾಕು. ಯೂರಿಯಾ ಹಾಕಿದರೆ ಕಾಯಿ ಬೇಗ ದಪ್ಪ ಆಗುತ್ತದೆ, ನೋಡಲಿಕ್ಕೂ ಚಂದ. ಆದರೆ ಮೈಯಲ್ಲಿ ನೀರು ಜಾಸ್ತಿ, ಸಿಪ್ಪೆ ಮೆತ್ತಗೆ. ಜೂನ್ ಬರುವ ಮೊದಲೇ ಕೊಳೆಯಲು ಶುರು. ಮಾರುವವರಿಗೆ ಅದು ಆದೀತು, ಇಟ್ಟುಕೊಳ್ಳುವವರಿಗೆ ಆಗದು.

ಹಣ್ಣುನೊಣದ ಕಾಟ ನೋಡಿಕೊಳ್ಳಬೇಕು. ಅದು ಎಳೆ ಕಾಯಿಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಜಾಗದಲ್ಲಿ ಸೂಜಿಮೊನೆಯಷ್ಟು ತೂತು, ಅದರ ಬಾಯಲ್ಲಿ ಅಂಟಿನ ಸಣ್ಣ ಹನಿ ಕಾಣುತ್ತದೆ. ಅಂಥ ಕಾಯಿ ಮೇಲಿಂದ ಎಷ್ಟು ಚೆನ್ನಾಗಿದ್ದರೂ ಇಡಲು ಬರುವುದಿಲ್ಲ. ಕಾಯಿ ಬೆರಳುದ್ದ ಆದ ಕೂಡಲೇ ಹಳೆಯ ಪೇಪರಿನಲ್ಲೋ ಒಣ ಎಲೆಯಲ್ಲೋ ಸಡಿಲವಾಗಿ ಸುತ್ತಿ ಬಿಟ್ಟರೆ ಬಹಳಷ್ಟು ಉಳಿಯುತ್ತದೆ.

ಇಡುವ ಕಾಯಿ ಬಳ್ಳಿಯಲ್ಲೇ ಪೂರ್ತಿ ಬಲಿಯಬೇಕು. ಸೌತೆಗಾದರೆ ಹಸಿರು ಹೋಗಿ ಮೈ ಹಳದಿ ತಿರುಗಬೇಕು, ಉಗುರು ಊರಿದರೆ ಸಿಪ್ಪೆ ಸುಲಭಕ್ಕೆ ಒಳಗೆ ಹೋಗಬಾರದು. ಕೊಯ್ಯುವ ನಾಲ್ಕೈದು ದಿನ ಮೊದಲೇ ನೀರು ನಿಲ್ಲಿಸಿ. ಕೈಯಲ್ಲಿ ಕಿತ್ತು ತೆಗೆಯಬೇಡಿ. ಎರಡು ಮೂರು ಇಂಚು ತೊಟ್ಟು ಬಿಟ್ಟು ಕತ್ತಿಯಲ್ಲಿ ಕತ್ತರಿಸಿ. ತೊಟ್ಟು ಕಳಚಿದ ಜಾಗವೇ ಕೊಳೆ ಒಳಗೆ ಹೋಗುವ ಬಾಗಿಲು. ಬುಟ್ಟಿಗೆ ಎಸೆಯಬಾರದು, ಒಂದರ ಮೇಲೊಂದು ಸುರಿಯಬಾರದು. ಎಲ್ಲಿ ಪೆಟ್ಟು ಬಿದ್ದಿದೆಯೋ ಅಲ್ಲಿಂದಲೇ ಒಂದೂವರೆ ತಿಂಗಳ ಮೇಲೆ ನೀರು ಒಸರಲು ಶುರುವಾಗುತ್ತದೆ. ಪೆಟ್ಟಾದದ್ದು, ತೊಟ್ಟಿಲ್ಲದ್ದು, ಎಳೆಯದು, ಇವನ್ನೆಲ್ಲ ಬೇರೆ ಇಟ್ಟು ಆ ವಾರವೇ ಹುಳಿ ಮಾಡಿ ಮುಗಿಸಿ.

ಇಡಿಯಾಗಿ ಉಳಿಸುವುದು

ಇಡಿಯಾಗಿ ಉಳಿಯುವ ತರಕಾರಿಯನ್ನು ಹೆಚ್ಚುವುದು, ಒಣಗಿಸುವುದು ಯಾಕೆ? ಸೌತೆ, ಕುಂಬಳ, ಚೀನಿಕಾಯಿ ಈ ಮೂರಕ್ಕೂ ದೇವರೇ ಒಳ್ಳೆಯ ಡಬ್ಬಿ ಕೊಟ್ಟಿದ್ದಾನೆ. ಅದನ್ನು ಕೆಡಿಸದೆ ಇಟ್ಟರೆ ಆಯಿತು.

ಸೌತೆ ಕೊಯ್ದು ತಂದ ಮೇಲೆ ತೊಳೆಯಬೇಡಿ. ಮಣ್ಣನ್ನು ಒಣ ಬಟ್ಟೆಯಲ್ಲಿ ಒರೆಸಿ. ನೆರಳಲ್ಲಿ, ಗಾಳಿ ಆಡುವ ಜಾಗದಲ್ಲಿ ಒಂದು ವಾರ ಹರಡಿ ಇಡಿ. ತೊಟ್ಟು ಪೂರ್ತಿ ಒಣಗಿ ಕಡ್ಡಿಯಾಗುತ್ತದೆ. ಆಮೇಲೆ ಕಟ್ಟುವ ಕೆಲಸ. ಬಾಳೆಯ ದಿಂಡಿನ ಹೊರಗಿನ ಒಣ ಪಟ್ಟೆಯನ್ನು ಸೀಳಿ, ಸ್ವಲ್ಪ ನೀರು ಚಿಮುಕಿಸಿ ಮೆದು ಮಾಡಿಕೊಳ್ಳಿ. ಎರಡು ಎಳೆಯನ್ನು ನೆಲದ ಮೇಲೆ ಅಡ್ಡಡ್ಡ ಇಟ್ಟು, ನಡುವೆ ಕಾಯಿ ಇಟ್ಟು, ನಾಲ್ಕೂ ತುದಿ ಮೇಲಕ್ಕೆ ತಂದು ತೊಟ್ಟಿನ ಪಕ್ಕ ಗಂಟು ಹಾಕಿ. ಭಾರ ಪೂರ್ತಿ ಪಟ್ಟೆಯ ಮೇಲೆ ಬೀಳಬೇಕು, ತೊಟ್ಟಿನ ಮೇಲೆ ಅಲ್ಲ. ಪ್ಲಾಸ್ಟಿಕ್ ಹಗ್ಗ ಕಾಯಿಯ ಮೈಗೆ ಕೊರೆಯುತ್ತದೆ. ಬಾಳೆಪಟ್ಟೆ ಅಗಲ ಇರುವುದರಿಂದ ಕೊರೆಯುವುದಿಲ್ಲ, ಕಾಯಿ ಬೆವರಿದರೆ ತೇವವನ್ನೂ ಹೀರಿಕೊಳ್ಳುತ್ತದೆ.

ಹಂಚಿನ ಮನೆಯಾದರೆ ಅಡುಗೆಮನೆಯ ಪಕ್ಕಾಸಿಗೆ, ಅಂದರೆ ಮಾಡಿನ ಮರದ ಪಟ್ಟಿಗೆ, ಸಾಲಾಗಿ ತೂಗುಹಾಕಿ. ಒಲೆಯ ಬಿಸಿ, ಹೊಗೆ ತಾಗಿ ತೇವ ನಿಲ್ಲುವುದಿಲ್ಲ. ಇಲಿಯ ಕಾಟವೂ ಕಡಿಮೆ. ಒಂದು ಕಾಯಿ ಇನ್ನೊಂದಕ್ಕೆ ತಾಗಬಾರದು, ಇದು ಮುಖ್ಯ. ಒಂದು ಕೊಳೆತರೆ ತಾಗಿದ್ದೆಲ್ಲ ಕೊಳೆಯುತ್ತದೆ. ತಾರಸಿ ಮನೆಯವರು ಹಿಂದಿನ ಜಗಲಿಯಲ್ಲಿ ಒಂದು ಬಿದಿರು ಅಡ್ಡ ಕಟ್ಟಿಕೊಳ್ಳಬಹುದು. ಅದೂ ಆಗದಿದ್ದರೆ ಮರದ ಹಲಗೆಯ ಮೇಲೆ ಬೈಹುಲ್ಲು ಹಾಸಿ ಒಂದೇ ಪದರ ಇಡಿ. ಮಳೆಗಾಲದಲ್ಲಿ ಸಿಮೆಂಟಿನ ನೆಲ, ಟೈಲ್ಸ್ ಬೆವರುತ್ತವೆ. ಅಲ್ಲಿ ನೇರವಾಗಿ ಇಡಲೇಬೇಡಿ. ವಾರಕ್ಕೊಮ್ಮೆ ಪ್ರತಿ ಕಾಯಿಯ ಅಡಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಾದದ್ದನ್ನು ಅವತ್ತೇ ಇಳಿಸಿ ಹೆಚ್ಚಿ.

ಹೀಗೆ ಕಟ್ಟಿದ ಸೌತೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಧಾರಾಳ ಬರುತ್ತದೆ. ಸಾರಿಗೆ ಹಾಕುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಅದನ್ನು ಬಳಸಬೇಡಿ. ಬೇಯಿಸಿದರೆ ಕಹಿ ಹೋಗುವುದಿಲ್ಲ, ಹೊಟ್ಟೆ ಕೆಡಿಸುವುದೂ ಉಂಟು.

ಒಂದು ಸೌತೆಯಲ್ಲಿ ಮೂರು ಅಡುಗೆ ಆಗುತ್ತದೆ. ಹೋಳು ಬೋಳುಹುಳಿಗೆ: ತೊಗರಿಬೇಳೆ ಬೇಯಿಸಿ, ಸೌತೆ ಹೋಳು, ಹಸಿಮೆಣಸು, ಉಪ್ಪು, ಚೂರು ಬೆಲ್ಲ, ಹುಣಸೆಹುಳಿ ಹಾಕಿ ಕುದಿಸಿ, ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಗೆ ಹುರಿದ ಒಗ್ಗರಣೆ. ಕಾಯಿ ರುಬ್ಬುವ ಕೆಲಸವೇ ಇಲ್ಲ. ಸಿಪ್ಪೆ ಚಟ್ನಿಗೆ. ಒಳಗಿನ ತಿರುಳು ಮತ್ತು ಬೀಜವನ್ನು ಎಸೆಯಬೇಡಿ. ಮಿಕ್ಸಿಯಲ್ಲಿ ಸ್ವಲ್ಪ ನೀರು ಹಾಕಿ ತಿರುಗಿಸಿ ಸೋಸಿದರೆ ಹಾಲಿನ ಹಾಗಿನ ರಸ ಬರುತ್ತದೆ. ಅದಕ್ಕೆ ಮಜ್ಜಿಗೆ, ಉಪ್ಪು ಸೇರಿಸಿ, ಜೀರಿಗೆ ಒಣಮೆಣಸಿನ ಒಗ್ಗರಣೆ ಕೊಟ್ಟರೆ ತಂಬುಳಿ.

ಕುಂಬಳದ ವಿಷಯ ಚಿಕ್ಕದು. ಮೈಮೇಲಿನ ಬಿಳಿ ಬೂದಿ ಒರೆಸಬೇಡಿ, ಅಷ್ಟೇ. ಅದು ಮೇಣದ ಪದರ, ಕಾಯಿಯ ನೀರು ಹೊರಗೆ ಹೋಗದಂತೆ, ಹೊರಗಿನ ತೇವ ಒಳಗೆ ಬರದಂತೆ ತಡೆಯುವುದು ಅದೇ. ಬೂದಿ ಕೂತು ಬಲಿತ ಕುಂಬಳ ಅಟ್ಟದ ಮೇಲೆ ಆರು ತಿಂಗಳಾದರೂ ಜಪ್ಪಯ್ಯ ಅನ್ನುವುದಿಲ್ಲ. ಆದ್ದರಿಂದ ಅದನ್ನು ಕೊನೆಗೆ ಬಳಸಿ. ಮೊದಲು ಚೀನಿಕಾಯಿ, ಆಮೇಲೆ ಸೌತೆ, ಕಡೆಗೆ ಕುಂಬಳ. ಒಮ್ಮೆ ಒಡೆದ ಕುಂಬಳ ಎರಡು ದಿನಕ್ಕಿಂತ ಇರುವುದಿಲ್ಲ. ದೊಡ್ಡದಾದರೆ ಅರ್ಧ ಪಕ್ಕದ ಮನೆಗೆ ಕೊಟ್ಟು ಅರ್ಧದಲ್ಲಿ ಮಜ್ಜಿಗೆಹುಳಿ ಮಾಡಿ.

ಸುವರ್ಣಗಡ್ಡೆಯನ್ನು ಎಲೆ ಹಳದಿಯಾಗಿ ಬಿದ್ದ ಮೇಲೆ ಅಗೆದು, ಮಣ್ಣು ಉದುರಿಸಿ, ಒಣ ಮರಳಿನ ಮೇಲೆ ಇಟ್ಟರೆ ಮಳೆ ಶುರುವಾಗುವವರೆಗೆ ಚಿಂತೆಯಿಲ್ಲ. ತೇವ ತಾಗಿದರೆ ಮೊಳಕೆ ಬರುತ್ತದೆ. ಹೆಚ್ಚುವಾಗ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ, ಬೇಯಿಸುವಾಗ ಹುಣಸೆಹುಳಿ ಹಾಕಿ. ತುರಿಕೆ ಗಂಟಲಿಗೆ ಬರುವುದಿಲ್ಲ.

ಬಿಸಿಲು ಇರುವಾಗಲೇ

ಹಾಗಲ, ಬೆಂಡೆ, ಹಸಿಮೆಣಸು ಇಡಿಯಾಗಿ ಉಳಿಯುವುದಿಲ್ಲ. ಇವಕ್ಕೆ ಬಾಳಕವೇ ದಾರಿ, ಅಂದರೆ ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಲ್ಲಿ ಒಣಗಿಸುವುದು. ಶಿವರಾತ್ರಿ ಕಳೆದ ಮೇಲೆ ಬಿಸು ಹಬ್ಬದ ಒಳಗೆ, ಅಂದರೆ ಏಪ್ರಿಲ್ ಮಧ್ಯದ ಒಳಗೆ, ಇದನ್ನು ಮುಗಿಸಿಕೊಳ್ಳಿ. ಆಮೇಲೆ ಬಿಸಿಲು ಖಾರ ಇದ್ದರೂ ಸಂಜೆ ಗುಡುಗಿ ಮಳೆ ಬರುವ ದಿನಗಳು. ಅರ್ಧ ಒಣಗಿದ ಬಾಳಕಕ್ಕೆ ಒಂದು ಮಳೆ ಹನಿ ಬಿದ್ದರೂ ಬೂಸಲು.

ಹಾಗಲವನ್ನು ತೆಳ್ಳಗೆ ಬಿಲ್ಲೆ ಮಾಡಿ. ಬಲಿತ ಬೀಜ ತೆಗೆಯಿರಿ. ಉಪ್ಪು ಬೆರೆಸಿ ಒಂದು ಗಂಟೆ ಬಿಟ್ಟು ನೀರು ಹಿಂಡಿ. ಹುಳಿ ಬಂದ ದಪ್ಪ ಮಜ್ಜಿಗೆಗೆ ಉಪ್ಪು, ಸ್ವಲ್ಪ ಇಂಗು, ಬೇಕಾದರೆ ಅರಸಿನ ಹಾಕಿ ಬಿಲ್ಲೆಗಳನ್ನು ರಾತ್ರಿ ಮುಳುಗಿಸಿ ಇಡಿ. ಬೆಳಿಗ್ಗೆ ತೆಗೆದು ಅಂಗಳದಲ್ಲಿ ಹಳೆ ಬಿಳಿ ಪಂಚೆ ಹಾಸಿ ಒಂದೊಂದೇ ಹರಡಿ. ಮಜ್ಜಿಗೆಯ ಪಾತ್ರೆಯನ್ನೂ ಪಕ್ಕದಲ್ಲೇ ಬಿಸಿಲಿಗೆ ಇಡಿ, ಮೇಲೆ ತೆಳು ಬಟ್ಟೆ ಕಟ್ಟಿ. ಸಂಜೆ ಬಿಲ್ಲೆಗಳನ್ನು ಅದೇ ಮಜ್ಜಿಗೆಗೆ ವಾಪಸ್ ಹಾಕಿ. ಮೂರು ನಾಲ್ಕು ದಿನಕ್ಕೆ ಮಜ್ಜಿಗೆ ಪೂರ್ತಿ ಇಂಗುತ್ತದೆ. ಆಮೇಲೆ ಬರೀ ಬಿಸಿಲು. ಮುರಿದರೆ ಟಕ್ ಅಂತ ಸದ್ದು ಬರಬೇಕು. ಬಾಗಿದರೆ ಇನ್ನೂ ಒಣಗಿಲ್ಲ ಅಂತ ಅರ್ಥ.

ಮೆಣಸಿಗೂ ಇದೇ ಕ್ರಮ. ತೊಟ್ಟು ತೆಗೆಯದೆ, ಉದ್ದಕ್ಕೆ ಒಂದು ಸೀಳು ಕೊಟ್ಟು ಮಜ್ಜಿಗೆಗೆ ಹಾಕಿ. ಗಿಡ್ಡ, ದಪ್ಪ ಸಿಪ್ಪೆಯ ಮೆಣಸು ಒಳ್ಳೆಯದು. ತೆಳು ಉದ್ದ ಮೆಣಸು ಕರಿಯುವಾಗ ಕ್ಷಣದಲ್ಲಿ ಕಪ್ಪಾಗುತ್ತದೆ. ಬೆಂಡೆಗೆ ಮಜ್ಜಿಗೆ ಕಡಿಮೆ ಸಾಕು, ಒಂದು ರಾತ್ರಿ ನೆನೆದರೆ ಆಯಿತು. ಜಾಸ್ತಿ ನೆನೆದರೆ ಲೋಳೆ.

ಒಣಗಿದ ದಿನವೇ ಬಿಸಿಬಿಸಿಯಾಗಿ ಡಬ್ಬಿಗೆ ತುಂಬಬೇಡಿ. ಬಿಸಿಲಿಂದ ತಂದು ಒಂದು ಗಂಟೆ ತಣಿಯಲು ಬಿಡಿ, ಇಲ್ಲದಿದ್ದರೆ ಮುಚ್ಚಳದ ಒಳಗೆ ನೀರು ಕೂರುತ್ತದೆ. ದೊಡ್ಡ ಡಬ್ಬಿ ಒಂದಕ್ಕಿಂತ ಸಣ್ಣ ಡಬ್ಬಿ ನಾಲ್ಕು ಒಳ್ಳೆಯದು, ಮಳೆಗಾಲದಲ್ಲಿ ಪ್ರತಿ ಸಲ ಮುಚ್ಚಳ ತೆರೆದಾಗಲೂ ತೇವ ಒಳಗೆ ಹೋಗುತ್ತದೆ. ಜುಲೈ ನಡುವೆ ಎಲ್ಲಾದರೂ ಎರಡು ದಿನ ಮಳೆ ಬಿಟ್ಟು ಬಿಸಿಲು ಬಂದರೆ ಎಲ್ಲ ಡಬ್ಬಿಯನ್ನೂ ಅಂಗಳಕ್ಕೆ ತನ್ನಿ. ಬಿಳಿ, ಹಸಿರು, ಕಪ್ಪು ಬೂಸಲು ಕಂಡರೆ ಒರೆಸಿ ಕರಿಯುವ ಆಸೆ ಬೇಡ. ಬೂಸಲಿನ ವಿಷ ಎಣ್ಣೆಯ ಬಿಸಿಗೆ ಹೋಗುವಂಥದ್ದಲ್ಲ. ಇಡೀ ಡಬ್ಬಿಯನ್ನು ಗೊಬ್ಬರದ ಗುಂಡಿಗೆ ಖಾಲಿ ಮಾಡಿ.

ಬಳ್ಳಿಯಲ್ಲಿ ನಮ್ಮ ಕಣ್ಣು ತಪ್ಪಿಸಿ ಒಣಗಿದ ಅಲಸಂಡೆಯನ್ನೂ ಬಿಡಬೇಡಿ. ಬಿಡಿಸಿ, ಬಿಸಿಲಿಗೆ ಹಾಕಿ, ಬೂದಿ ಹೊರಳಿಸಿ ಇಟ್ಟರೆ ಹುಳ ಹಿಡಿಯುವುದಿಲ್ಲ. ನೆನೆಸಿ ಸೌತೆಯ ಜೊತೆ ಬೇಯಿಸಿದರೆ ಬಹಳ ಚೆನ್ನಾಗಿರುತ್ತದೆ.

ಉಪ್ಪುಸೊಳೆ

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ. ಉಪ್ಪಿಗೆ ಹಾಕಿದ ಹಲಸಿನ ಸೊಳೆಯೇ ಉಪ್ಪುಸೊಳೆ. ಅದು ಒಂದು ಭರಣಿ ಇದ್ದರೆ ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಯಾರು ನೆಂಟರು ಬಂದರೂ ಮನೆಯವಳಿಗೆ ಹೆದರಿಕೆ ಇಲ್ಲ.

ಹಲಸು ಬಲಿತಿರಬೇಕು, ಹಣ್ಣಿಗೆ ತಿರುಗಿರಬಾರದು. ಮುಳ್ಳು ಚಪ್ಪಟೆಯಾಗಿ ಅಗಲ ಬಿಟ್ಟುಕೊಂಡಿದ್ದರೆ ಬಲಿತಿದೆ ಅಂತ. ಒಡೆದಾಗ ಸೊಳೆ ನಸು ಹಳದಿ, ಮುರಿದರೆ ಗರಿಗರಿ ಇರಬೇಕು. ಸಿಹಿ ವಾಸನೆ ಬಂದರೆ ತಡ ಆಯಿತು, ಅದು ಉಪ್ಪಿನಲ್ಲಿ ಲೋಳೆಯಾಗುತ್ತದೆ. ಗಟ್ಟಿ ಸೊಳೆಯ ಬಕ್ಕೆ ಹಲಸೇ ಆಗಬೇಕು. ಮೆತ್ತನೆಯ ತುಳುವ ಹಲಸಿನ ಸೊಳೆ ಕರಗಿಹೋಗುತ್ತದೆ. ಮೇ ತಿಂಗಳ ಮೊದಲ ವಾರಗಳು ಸರಿಯಾದ ಹೊತ್ತು. ಮೇ 24ರ ಆಸುಪಾಸಿಗೆ ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಬೇಸಿಗೆಯ ಉತ್ಸವಗಳು ಮುಗಿಯುವ ದಿನ, ಬರುತ್ತದೆ. ಅಷ್ಟರಲ್ಲಿ ಭರಣಿಯ ಬಾಯಿ ಕಟ್ಟಿ ಆಗಿರಬೇಕು ಅನ್ನುವುದು ಅತ್ತೆಯ ಲೆಕ್ಕ. ಮಳೆ ನೀರು ಕುಡಿದ ಹಲಸು ಸಪ್ಪೆ, ಬೇಗ ಕೆಡುತ್ತದೆ.

ಕೈಗೂ ಮೆಟ್ಟುಕತ್ತಿಗೂ ತೆಂಗಿನೆಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸಿ. ಬೀಜ, ಸುತ್ತಲಿನ ನಾರು ತೆಗೆದು, ಸೊಳೆಯನ್ನು ಉದ್ದಕ್ಕೆ ಎರಡು ಮಾಡಿ. ತೂಕ ಹಾಕಿ. ನನ್ನ ಲೆಕ್ಕ 10 ಕಿಲೋ ಸೊಳೆಗೆ ಒಂದೂವರೆ ಕಿಲೋ ಕಲ್ಲುಪ್ಪು. ಇದಕ್ಕಿಂತ ಕಡಿಮೆ ಮಾಡಬೇಡಿ. ಆರೋಗ್ಯಕ್ಕೆ ಅಂತ ಉಪ್ಪು ಕಡಿಮೆ ಹಾಕಿದರೆ ಸೊಳೆ ಕೊಳೆಯುತ್ತದೆ, ಆಮೇಲೆ ಯಾರ ಆರೋಗ್ಯಕ್ಕೂ ಆಗುವುದಿಲ್ಲ. ಬೇಡದ ಉಪ್ಪನ್ನು ತೆಗೆಯುವುದು ಅಡುಗೆ ಮಾಡುವಾಗ.

ದೊಡ್ಡ ಪಾತ್ರೆಯಲ್ಲಿ ಸೊಳೆಗೆ ಉಪ್ಪು ಬೆರೆಸಿ, ಒಣಗಿದ ಭರಣಿಗೆ ಸ್ವಲ್ಪ ಸ್ವಲ್ಪವೇ ತುಂಬಿ ಮುಷ್ಟಿಯಲ್ಲಿ ಒತ್ತಿ. ನಡುವೆ ಗಾಳಿ ನಿಲ್ಲಬಾರದು. ಮೇಲೆ ಒಂದು ಹಿಡಿ ಉಪ್ಪು, ಅದರ ಮೇಲೆ ಬಾಡಿಸಿದ ಬಾಳೆಲೆ, ಅದರ ಮೇಲೆ ತೊಳೆದು ಒಣಗಿಸಿದ ಹೊಳೆಕಲ್ಲು. ಮೂರು ನಾಲ್ಕು ದಿನಕ್ಕೆ ಸೊಳೆಯೇ ನೀರು ಬಿಟ್ಟು ಮುಳುಗುತ್ತದೆ. ಮುಳುಗದಿದ್ದರೆ ಕಾಯಿಸಿ ಆರಿಸಿದ ನೀರಿಗೆ, ಇನ್ನು ಕರಗದು ಅನ್ನುವಷ್ಟು ಉಪ್ಪು ಹಾಕಿ ಮೇಲಿಂದ ಸುರಿಯಿರಿ. ನೀರಿನಿಂದ ಮೇಲೆ ಒಂದು ಸೊಳೆಯೂ ಇಣುಕಬಾರದು. ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಹಾಕಿ ಕತ್ತಲೆ ಮೂಲೆಯಲ್ಲಿ ಇಡಿ. ಭರಣಿ ಇಲ್ಲದವರು ಆಹಾರಕ್ಕೆ ಅಂತಲೇ ಬರುವ ಪ್ಲಾಸ್ಟಿಕ್ ಡ್ರಮ್ ಅಥವಾ ಗಾಜಿನ ಜಾಡಿ ಬಳಸಿ. ಅಲ್ಯೂಮಿನಿಯಂ, ಕಬ್ಬಿಣ ಆಗದು.

ಒಂದು ತಿಂಗಳ ಮೇಲೆ ತೆಗೆದು ಬಳಸಬಹುದು. ಮೇಲೆ ತೆಳ್ಳಗೆ ಬಿಳಿ ಕೆನೆ ಕಟ್ಟಿದರೆ ಒಣ ಸೌಟಿನಲ್ಲಿ ತೆಗೆದುಬಿಡಿ. ಸೊಳೆ ಕಪ್ಪಾಗಿ ಲೋಳೆಯಾಗಿದ್ದರೆ, ಕೊಳೆತ ವಾಸನೆ ಬಂದರೆ ಎಸೆಯಿರಿ. ಒದ್ದೆ ಕೈ ಒಳಗೆ ಹಾಕಬಾರದು ಅಂತ ಮನೆಯ ಮಕ್ಕಳಿಗೂ ಹೇಳಿ ಇಡಿ.

ಬಳಸುವ ಹಿಂದಿನ ರಾತ್ರಿ ಬೇಕಾದಷ್ಟು ತೆಗೆದು ನೀರಲ್ಲಿ ನೆನೆಸಿ. ಮಲಗುವ ಮೊದಲು ಒಮ್ಮೆ, ಬೆಳಿಗ್ಗೆ ಒಮ್ಮೆ ನೀರು ಬದಲಿಸಿ, ಹಿಂಡಿ, ತಿಂದು ನೋಡಿ. ಸಾಧಾರಣ ಪಲ್ಯದಷ್ಟು ಉಪ್ಪು ಉಳಿದಿದ್ದರೆ ಸರಿ. ರಕ್ತದೊತ್ತಡ ಇರುವವರು ಇನ್ನೂ ಎರಡು ನೀರು ಬದಲಿಸಿ, ಮಿತವಾಗಿ ತಿನ್ನಿ.

ರೊಟ್ಟಿ ಮಾಡುವುದು ಹೀಗೆ. ಎರಡು ಕಪ್ ಬೆಳ್ತಿಗೆ ಅಕ್ಕಿ (ಕುಚ್ಚಲಲ್ಲದ ಬಿಳಿ ಅಕ್ಕಿ) ನಾಲ್ಕು ಗಂಟೆ ನೆನೆಸಿ. ಹಿಂಡಿದ ಸೊಳೆ ಎರಡು ಕಪ್, ತೆಂಗಿನತುರಿ ಅರ್ಧ ಕಪ್, ಒಂದು ಚಮಚ ಜೀರಿಗೆ ಸೇರಿಸಿ ಆದಷ್ಟು ಕಡಿಮೆ ನೀರಲ್ಲಿ ಗಟ್ಟಿಯಾಗಿ ರುಬ್ಬಿ. ಉಪ್ಪು ಹಾಕಬೇಡಿ, ಸೊಳೆಯಲ್ಲೇ ಇದೆ. ಬಾಡಿಸಿದ ಬಾಳೆಲೆಯ ಮೇಲೆ ಕೈಗೆ ನೀರು ಮುಟ್ಟಿಸಿಕೊಂಡು ತೆಳ್ಳಗೆ ತಟ್ಟಿ, ಎಲೆ ಸಮೇತ ಕಾದ ಕಾವಲಿಗೆ ಕವುಚಿ ಹಾಕಿ. ಒಂದೆರಡು ನಿಮಿಷಕ್ಕೆ ಎಲೆಯ ಬಣ್ಣ ಕಂದುತ್ತದೆ. ಎಲೆ ಸುಲಿದು ತೆಗೆದು, ರೊಟ್ಟಿ ಮಗುಚಿ ಹಾಕಿ ಎರಡೂ ಬದಿ ಕೆಂಪು ಚುಕ್ಕೆ ಬರುವವರೆಗೆ ಸುಡಿ. ತುಪ್ಪ, ಜೋನಿಬೆಲ್ಲ ಹಾಕಿಕೊಂಡು ಬಿಸಿ ಇರುವಾಗಲೇ ತಿನ್ನಬೇಕು. ಇದೇ ಸೊಳೆಯನ್ನು ಅಕ್ಕಿಹಿಟ್ಟು, ತೆಂಗಿನಕಾಯಿ ಜೊತೆ ಗಟ್ಟಿಯಾಗಿ ರುಬ್ಬಿ, ಗೋಲಿಯಷ್ಟು ಉಂಡೆ ಮಾಡಿ ಸಣ್ಣ ಉರಿಯಲ್ಲಿ ಕರಿದರೆ ಉಂಡ್ಲಕಾಳು. ಮಳೆಗಾಲದ ಸಂಜೆಗೆ ಮಕ್ಕಳು ಕೇಳುವುದು ಅದನ್ನೇ.

ಬಿಡಿಸಿದ ಬೀಜವೂ ವ್ಯರ್ಥವಲ್ಲ. ತೊಳೆದು ನೆರಳಲ್ಲಿ ಒಣಗಿಸಿ, ಕೆಮ್ಮಣ್ಣು ಕಲಸಿ ಮೈಗೆ ಹತ್ತಿಸಿ ಒಂದು ಮೂಲೆಯಲ್ಲಿ ಇಟ್ಟರೆ ಸಾಂಬಾರಿಗೆ, ಪಲ್ಯಕ್ಕೆ ತಿಂಗಳುಗಟ್ಟಲೆ ಬರುತ್ತದೆ. ಉಪ್ಪುನೀರಲ್ಲಿ ಬೇಯಿಸಿ ಕಲ್ಲಿನಷ್ಟು ಗಟ್ಟಿ ಒಣಗಿಸಿದರೆ ಸಾಂತಾಣಿ. ನೆನೆಸಿ ತಿನ್ನಬಹುದು, ಹಲ್ಲು ಗಟ್ಟಿ ಇರುವವರು ಹಾಗೇ ಬಾಯಲ್ಲಿ ಇಟ್ಟುಕೊಳ್ಳಬಹುದು.

ಬೇಡದ ಕೆಲಸ

ಬದನೆ, ಟೊಮೆಟೊ, ಹರಿವೆ ಇವನ್ನು ಬೇಸಿಗೆಯಲ್ಲೇ ತಿಂದು ಮುಗಿಸಿ, ಇಡಲು ಹೋಗಬೇಡಿ. ಸೊಪ್ಪಿಗಂತೂ ಮಳೆಗಾಲದಲ್ಲಿ ಕೊರತೆಯೇ ಇಲ್ಲ. ಮೊದಲ ಮಳೆಗೆ ತಗತೆ ಸೊಪ್ಪು ಏಳುತ್ತದೆ, ಕೆಸು ಚಿಗುರುತ್ತದೆ, ಆಟಿಯಲ್ಲಿ ಪತ್ರೊಡೆಗೆ ಮರಕೆಸು ಇದೆ. ಉಳಿಸಿಟ್ಟ ಸೌತೆ, ಕುಂಬಳದ ಜೊತೆ ಈ ಹಸಿರು ಸೇರಿದರೆ ಊಟಕ್ಕೆ ಏನೂ ಕಮ್ಮಿ ಆಗುವುದಿಲ್ಲ.

ಒಂದು ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಬೀನ್ಸ್, ಬೆಂಡೆ, ಅಲಸಂಡೆ ಬೇಯಿಸಿ ಗಾಜಿನ ಬಾಟಲಿಗೆ ತುಂಬಿ, ಬಾಟಲಿಯನ್ನು ಕುದಿಯುವ ನೀರಿನಲ್ಲಿಟ್ಟು ಮುಚ್ಚಳ ಬಿಗಿಯುವ ವಿಡಿಯೋಗಳನ್ನು ನೋಡಿ ಮಾಡಬೇಡಿ. ಗಾಳಿ ಇಲ್ಲದ ಕಡೆ ಬೆಳೆಯುವ ಬೊಟುಲಿನಮ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು 100 ಡಿಗ್ರಿಯ ಕುದಿನೀರಿಗೆ ಸಾಯುವುದಿಲ್ಲ. ಕಾರ್ಖಾನೆಗಳಲ್ಲಿ ಅದಕ್ಕೆ ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿ ಬಿಸಿ ಕೊಡುತ್ತಾರೆ. ಅದು ಬಿಡುವ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ, ಜೀವಕ್ಕೇ ಅಪಾಯ. ನಮ್ಮ ಹಿರಿಯರ ದಾರಿಯಲ್ಲಿ ಒಂದೋ ತರಕಾರಿ ಪೂರ್ತಿ ಒಣಗಿರುತ್ತದೆ, ಇಲ್ಲ ಕಡು ಉಪ್ಪಿನಲ್ಲಿ ಇರುತ್ತದೆ, ಇಲ್ಲ ಗಾಳಿಗೆ ಇಡಿಯಾಗಿ ತೂಗುತ್ತಿರುತ್ತದೆ. ಈ ಮೂರರಲ್ಲೂ ಅದು ಬೆಳೆಯಲಾರದು.

ಪೇಟೆಯಲ್ಲಿ ಇರುವವರು ಸಣ್ಣದಾಗಿ ಶುರು ಮಾಡಿ. ಏಪ್ರಿಲ್‌ನಲ್ಲಿ ತೊಟ್ಟಿರುವ ಬಲಿತ ಮಂಗಳೂರು ಸೌತೆ ಆರಿಸಿ ತಂದು ಬಾಲ್ಕನಿಯ ನೆರಳಿನ ಬದಿಗೆ ತೂಗುಹಾಕಿ. ಮಹಡಿಯ ಬಿಸಿಲಿದ್ದರೆ ಅರ್ಧ ಕಿಲೋ ಮೆಣಸಿನ ಬಾಳಕ ಆಗುತ್ತದೆ. ಉಪ್ಪುಸೊಳೆಗೆ ಎರಡು ಕಿಲೋ ಸೊಳೆ, 300 ಗ್ರಾಂ ಕಲ್ಲುಪ್ಪು, ಒಂದು ಗಾಜಿನ ಜಾಡಿ ಸಾಕು. ಮೇಲೆ ಭಾರಕ್ಕೆ ಉಪ್ಪುನೀರು ತುಂಬಿ ಕಟ್ಟಿದ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟರಾಯಿತು. ಬರೀ ನೀರು ತುಂಬಬೇಡಿ. ಚೀಲ ಸೋರಿದರೆ ಜಾಡಿಯ ಉಪ್ಪು ತೆಳ್ಳಗಾಗಿ ಸೊಳೆ ಕೆಡುತ್ತದೆ.